ಅರವತ್ತೆಂಟು ಕಿಲೋ ಬೆಲ್ಲ

ಹುಡುಗ ತಕ್ಕಡಿ ಏರಲಿಕ್ಕೆ ಮೂರು ಸಲ ಹೆಣಗಿದ. ಮೊದಲ ಸಲ ಕಾಲು ಎತ್ತಿದ, ಎಟುಕಲಿಲ್ಲ. ಎರಡನೆಯ ಸಲ ತಟ್ಟೆಯೇ ಜಾರಿತು. ಮೂರನೆಯ ಸಲ ಅವನಪ್ಪ ಗುರಪ್ಪ ಒಂದು ರಟ್ಟೆ, ಬೆಲ್ಲದ ವ್ಯಾಪಾರಿ ಖಾಜಾಸಾಬ ಇನ್ನೊಂದು ರಟ್ಟೆ ಹಿಡಿದು, ಜೋಳದ ಚೀಲ ಲಾರಿಗೆ ಏರಿಸಿದ ಹಾಗೆ ಎತ್ತಿ ಕೂಡಿಸಿದರು. ಕೂತವನು ಬಾಯಿ ತೆರೆದು ಉಸಿರು ಎಳೆದುಕೊಳ್ಳುತ್ತಿದ್ದ. ಅದನ್ನು ನೋಡಿ ಮಠದ ಅಂಗಳದಲ್ಲಿ ನೆರೆದಿದ್ದ ಮಸೂತಿ ಊರಿನ ಜನ ಚಪ್ಪಾಳೆ ತಟ್ಟಿದರು.

ಮೈಕು ಅಜ್ಜ ಧೂಳಪ್ಪನ ಕೈಯಲ್ಲಿತ್ತು. ಅವನ ಕೈಗೆ ಸಿಕ್ಕ ಮೈಕನ್ನು ಬಿಡಿಸಿಕೊಂಡವರು ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಏರಸೋ ಖಾಜಾಸಾಬ, ಕೈ ಹಿಡೀಬ್ಯಾಡ! ನಮ್ಮ ಹುಡುಗ ಇನ್ನೂ ನೆಲಾ ಬಿಟ್ಟಿಲ್ಲ!"

"ಏರಸಾಕತ್ತೇನ್ರಿ ಸಾವುಕಾರ್ರ. ತಂದ ಪೆಂಟಿ ಮುಗಿಯಾಕ ಬಂದಾವು."

ಒಂದೊಂದೇ ಪೆಂಟೆ, ದಪ್ಪ ಬೆಲ್ಲದ ಮುದ್ದೆ, ಎದುರಿನ ತಟ್ಟೆಗೆ ಬಿತ್ತು. ಕೊನೆಗೆ ಹುಡುಗನ ತಟ್ಟೆ ನೆಲದಿಂದ ಗೇಣುದ್ದ ಮೇಲೆದ್ದಿತು. ಧೂಳಪ್ಪ ಮೈಕಿಗೆ ಬಾಯಿ ಹಚ್ಚಿದ. "ಅರವತ್ತೆಂಟು! ಕೇಳಿರೇನ್ರೆಪಾ, ಅರವತ್ತೆಂಟು ಕಿಲೋ! ಮುಳವಾಡದ ನಮ್ಮ ತಮ್ಮನ ಬೀಗರ ಮೊಮ್ಮಗ ತಕ್ಕಡ್ಯಾಗ ಐವತ್ತೊಂಬತ್ತಕ್ಕ ನಿಂತಾನ!"

ಮತ್ತೆ ಚಪ್ಪಾಳೆ. ಆರತಿ ತಟ್ಟೆ ಹಿಡಿದು ಹೆಂಗಸರ ಮುಂದೆ ನಿಂತಿದ್ದ ಸುರೇಖಾಗೆ ಚಪ್ಪಾಳೆ ಕೇಳಲಿಲ್ಲ. ಮಗನ ಉಸಿರು ಕೇಳುತ್ತಿತ್ತು. ತೂತು ಬಿದ್ದ ಪಂಪಿನಂತೆ ಸುಂಯ್‌ಗುಡುವ ಉಸಿರು. ಹನ್ನೊಂದು ವರ್ಷದ ಹುಡುಗನದು.

ಈ ತೂಗುವ ಹುಚ್ಚು ಹುಟ್ಟಿದ್ದಕ್ಕೆ ಒಂದು ಕಾರಣವಿತ್ತು. ಅದನ್ನು ಹೇಳದಿದ್ದರೆ ಅತ್ತೆ ಸುಂದರವ್ವನಿಗೆ ಅನ್ಯಾಯ ಮಾಡಿದಂತಾದೀತು. ಸುರೇಖಾಳ ಮದುವೆಯಾಗಿ ಏಳು ವರ್ಷಕ್ಕೆ ಸಿದ್ಧರಾಮ ಹುಟ್ಟಿದಾಗ ಎರಡು ಕಿಲೋ ಕೂಡ ಇರಲಿಲ್ಲ. ವಿಜಯಪುರದ ದವಾಖಾನೆಯಲ್ಲಿ ಇಪ್ಪತ್ತೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಹೊರಗಿನ ಬೆಂಚಿನ ಮೇಲೆ ಇಪ್ಪತ್ತೊಂದು ದಿನ ಕೂತೇ ಇದ್ದ ಸುಂದರವ್ವ ಹರಕೆ ಹೊತ್ತಳು: ಕೂಸು ಉಳಿದರೆ ಪ್ರತಿ ವರ್ಷ ಹುಟ್ಟಿದ ದಿನ ಅದರ ತೂಕದಷ್ಟು ಬೆಲ್ಲ ಮಠಕ್ಕೆ. ಕೂಸು ಉಳಿಯಿತು. ಮೊದಲ ವರ್ಷ ಎಂಟು ಕಿಲೋ. ಆಗ ಎಲ್ಲರ ಕಣ್ಣಲ್ಲೂ ನೀರಿತ್ತು, ಮೈಕು ಇರಲಿಲ್ಲ.

ಮೈಕು ಬಂದದ್ದು ಆಮೇಲೆ. ಏತ ನೀರಾವರಿಯ ನೀರು ಬಂದು ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಧೂಳಪ್ಪನ ಸೈಕಲ್ಲು ಬುಲೆಟ್ಟಾಯಿತು. ಗುರಪ್ಪ ಬಸವನ ಬಾಗೇವಾಡಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ. ಆ ಮನೆಯಲ್ಲಿ ಕಾಲ್ನಡಿಗೆಯ ಪದ್ಧತಿಯೇ ನಿಂತುಹೋಯಿತು. ಹುಡುಗ ಕಲಿಯುವ ಸಾಲಿ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ, ಅಲ್ಲಿಗೂ ಹುಡುಗನನ್ನು ಬುಲೆಟ್ಟಿನ ಮೇಲೆ ಕಳಿಸುತ್ತಿದ್ದರು. ನಡೆದು ಹೋದರೆ ಸಾವುಕಾರರ ಮೊಮ್ಮಗ ಎಂದು ಜನರಿಗೆ ಹೇಗೆ ತಿಳಿಯಬೇಕು? ಹುಟ್ಟಿದ ದಿನಕ್ಕೆ ಒಂದು ತಿಂಗಳ ಮುಂಚಿನಿಂದ ಕಾರಹುಣ್ಣಿವೆಯ ಎತ್ತನ್ನು ಮೇಯಿಸಿದ ಹಾಗೆ ಮೇಯಿಸುತ್ತಿದ್ದರು. ಎತ್ತಿಗಾದರೂ ಹಬ್ಬದ ದಿನ ಕರಿ ಹರಿಯುವ ಓಟವಿರುತ್ತದೆ. ಸಿದ್ಧರಾಮನಿಗೆ ಓಟವೂ ಇರಲಿಲ್ಲ, ಸೋಫಾ ಮತ್ತು ಮೊಬೈಲು ಇತ್ತು.

ಅರವತ್ತೆಂಟು ತೂಗಿದ ಆ ವರ್ಷ ತುಲಾಭಾರ ಮುಗಿದು ಹದಿನೈದು ದಿನಕ್ಕೆ ಹುಡುಗ ಮಾಳಿಗೆಯ ಮೆಟ್ಟಿಲ ಮೇಲೆ ಅರ್ಧಕ್ಕೇ ಕುಸಿದು ಕೂತ. ಸುಂದರವ್ವ ನೋಡಿ ಎದೆ ಬಡಿದುಕೊಂಡಳು. "ಯವ್ವಾ, ಹುಡುಗ ನಿಶ್ಶಕ್ತಿ ಆಗ್ಯಾನ! ಸುರೇಖಾ, ದವಾಖಾನಿಗಿ ನಡಿ, ಟಾನಿಕ್ ಬರಸ್ಕೊಂಡು ಬರೂಣು."

ಬಾಗೇವಾಡಿಯ ಮಕ್ಕಳ ಡಾಕ್ಟರು ಕೌಸರ ಅದೇ ಊರಿನ ಮಗಳು. ಓದಿದ್ದು ದೂರದಲ್ಲಾದರೂ ಮಾತು ಮಾತ್ರ ಬಾಗೇವಾಡಿ ಬಸ್‌ಸ್ಟ್ಯಾಂಡಿನದು.

"ಡಾಕ್ಟರ್ ಬಾಯಾರ, ಹುಡುಗ ಭಾಳ ಸೊರಗ್ಯಾನ್ರಿ," ಎಂದಳು ಸುಂದರವ್ವ. "ಎರಡು ಮೆಟ್ಲಾ ಹತ್ತಿದ್ರ ದಮ್ಮು. ಒಂದು ಛಲೋ ಟಾನಿಕ್ ಬರೀರಿ."

ಕೌಸರ ಪೆನ್ನು ಕೆಳಗಿಟ್ಟರು. "ಸೊರಗಿದ ಹುಡುಗನ್ನ ಹೊರಗ ಬಿಟ್ಟು ಬಂದೀರೇನವ್ವಾ? ಮತ್ತ ಇಲ್ಲಿ ಕೂತಾಂವ ಯಾರು?"

ಸಿದ್ಧರಾಮ ಕಿಸಕ್ಕನೆ ನಕ್ಕ. ಸುಂದರವ್ವ ನಗಲಿಲ್ಲ.

ಡಾಕ್ಟರು ಹುಡುಗನ ಅಂಗಿಯ ಕಾಲರು ಸರಿಸಿ ಕುತ್ತಿಗೆ ನೋಡಿದರು. ಹಿಂಬದಿಯಲ್ಲಿ ಕರ್ರಗೆ, ದಪ್ಪಗೆ, ಮಸಿ ಬಳಿದ ಹಾಗೆ ಒಂದು ಪಟ್ಟಿ. "ಇದು ಎಷ್ಟು ದಿನದಿಂದ ಐತಿ?"

"ಅದು ಮಣ್ಣರಿ," ಎಂದಳು ಅಜ್ಜಿ. "ದಿನಾ ಕಡ್ಲಿಹಿಟ್ಟು ಹಚ್ಚಿ ತಿಕ್ಕತೇನಿ. ಹೋಗವಲ್ದು."

"ಹುಡುಗನ ತೊಗಲು ಹೋಗೋ ತನಕ ತಿಕ್ಕಿದ್ರೂ ಅದು ಹೋಗೂದಿಲ್ಲ. ಹೊರಗಿನ ಮಣ್ಣಲ್ಲ ಅದು, ಒಳಗಿಂದ ಬಂದ ಚೀಟಿ. ರಕ್ತದಾಗಿನ ಸಕ್ಕರಿ ಹತೋಟಿಗೆ ಸಿಗವಲ್ದು ಅಂತ ಮೈ ಬರದು ಕಳಿಸೇತಿ. ತಮ್ಮಾ, ಏಳು, ಆ ತೂಕದ ಮಿಶನ್ ಮ್ಯಾಲ ನಿಂದರು."

ಸುಂದರವ್ವ ಮೊಮ್ಮಗನ ಹೆಗಲು ಗಟ್ಟಿಯಾಗಿ ಹಿಡಿದಳು. "ತೂಕ ಬ್ಯಾಡ್ರಿ! ಕೂಸಿನ ತೂಕ ನೋಡಿದ್ರ ಕೂಸು ಇಳದು ಹೋಗತೈತಿ. ನೆದರ ಆಗತಾವು."

ಸುರೇಖಾ ನೆಲ ನೋಡುತ್ತ ನಿಂತಳು. ಮಠದ ತಕ್ಕಡಿ ಏರಿಸಿ, ಮೈಕು ಹಚ್ಚಿ, ಮೂರು ಊರಿಗೆ ಕೇಳುವಂತೆ ಕೂಗಿದ ತೂಕ ಪುಣ್ಯ. ಡಾಕ್ಟರು ಬಾಗಿಲು ಮುಚ್ಚಿ ನೋಡುವ ತೂಕ ಕೆಟ್ಟ ಕಣ್ಣು. ಇದನ್ನು ಬಾಯಿ ಬಿಟ್ಟು ಹೇಳಿದ್ದರೆ ಅವಳಿಗೆ ಆ ಮನೆಯಲ್ಲಿ ಆ ದಿನ ಊಟ ಹುಟ್ಟುತ್ತಿರಲಿಲ್ಲ.

ಅಜ್ಜಿ ರಸೀದಿ ಮಾಡಿಸಲು ಹೊರಗೆ ಹೋದ ಗಳಿಗೆಯಲ್ಲಿ ಸುರೇಖಾ ತಾನೇ ಮಗನನ್ನು ಮಿಶನ್ನಿನ ಮೇಲೆ ನಿಲ್ಲಿಸಿದಳು. ಎತ್ತರ ಅಳೆದರು, ಬಿ.ಪಿ. ನೋಡಿದರು, ರಕ್ತ ತೆಗೆದರು.

ಮನೆಗೆ ಬಂದದ್ದೇ ಸುಂದರವ್ವ ಕೆಂಪು ಮೆಣಸಿನಕಾಯಿ, ಉಪ್ಪು, ಕಸಬರಿಗೆಯ ಕಡ್ಡಿ ಹಿಡಿದು ಮೊಮ್ಮಗನ ಸುತ್ತ ನಿವಾಳಿಸಿದಳು. "ಬಂದವರ ಕಣ್ಣು, ಹೋದವರ ಕಣ್ಣು, ಆ ಡಾಕ್ಟರ್ ಬಾಯಿ ಕಣ್ಣು…" ಎಂದು ಒಲೆಗೆ ಹಾಕಿದಳು. ಮನೆ ತುಂಬ ಘಾಟು. ಧೂಳಪ್ಪ ಕೆಮ್ಮಿದ, ಗುರಪ್ಪ ಸೀನಿದ, ಹಿತ್ತಲಲ್ಲಿದ್ದ ಎಮ್ಮೆಯೂ ಕೆಮ್ಮಿತು. ಸುಂದರವ್ವ ಕಣ್ಣೊರೆಸಿಕೊಳ್ಳುತ್ತ ಹೇಳಿದಳು: "ನೋಡ್ರಿ, ಒಂದಿಷ್ಟರ ಘಾಟು ಬಂತೇನು? ಎಂಥಾ ನೆದರ ಇತ್ತು ಹುಡುಗಗ!"

ರಕ್ತದ ವರದಿ ತರಲಿಕ್ಕೆ ಸುರೇಖಾ ಒಬ್ಬಳೇ ಹೋದಳು. ಕೌಸರ ಕಾಗದ ಮುಂದಿಟ್ಟುಕೊಂಡು ಸುತ್ತು ಬಳಸದೆ ಹೇಳಿದರು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ. ಪಿತ್ತಜನಕಾಂಗದಲ್ಲಿ ಕೊಬ್ಬು ಕೂತಿದೆ. ಗೊರಕೆ, ಹಗಲಲ್ಲಿ ತೂಕಡಿಕೆ, ದಮ್ಮು, ಎಲ್ಲ ಅದರ ಸಂಬಂಧಿಕರೇ.

"ಔಷಧ ಏನ್ರಿ ಮೇಡಮ್ಮರ?"

"ಹುಡುಗಗ ಔಷಧ ಇಲ್ಲವ್ವಾ. ಇಡೀ ಮನೀಗೆ ಐತಿ. ಅವನೊಬ್ಬನ ತಾಟಿನಾಗಿಂದ ಹೋಳಗಿ ತಗದು, ನೀವೆಲ್ಲಾ ಅವನ ಮುಂದ ತುಪ್ಪಾ ಸುರಕೊಂಡು ಉಂಡ್ರ ಅದು ಚಿಕಿತ್ಸೆ ಅಲ್ಲ, ಶಿಕ್ಷಾ. ಬಿಸ್ಕಿಟು, ಕೂಲ್ಡ್ರಿಂಕು, ಕುರುಕುರು ಪಾಕೀಟು ಮನಿಯೊಳಗ ಬರಬಾರ್ದು. ಸಕ್ಕರಿ ಚಾ ಬಿಡ್ರಿ. ರೊಟ್ಟಿ, ಕಾಳು, ಪಲ್ಲೆ, ಮಜ್ಜಿಗಿ, ಹೊಟ್ಟಿ ತುಂಬ ಉಣ್ಣಲಿ. ದಿನಾ ಒಂದು ತಾಸು ಬೆವರು ಬರೂ ಹಂಗ ಆಡಲಿ. ಉಪವಾಸ ಕೆಡವಬ್ಯಾಡ್ರಿ, ಬೆಳಿಯೋ ಹುಡುಗ. ನಿಧಾನಕ ಆಗಲಿ. ಮತ್ತ, ಅವನ ತೂಕ ಹಿಡದು ಯಾರೂ ನಗಬಾರ್ದು, ಹೊಗಳಬಾರ್ದು."

ಬಸ್ಸಿನಲ್ಲಿ ಕೂತು ಸುರೇಖಾ ಆ ಮಾತನ್ನೆಲ್ಲ ಪಾಠದಂತೆ ಬಾಯಿಪಾಠ ಮಾಡಿದಳು. ಮನೆಯಲ್ಲಿ ಒಪ್ಪಿಸಿದಳು. ಧೂಳಪ್ಪ ಪೂರ್ತಿ ಕೇಳಿಸಿಕೊಂಡ.

"ಮುಗೀತಾ? ನಮ್ಮ ಹಿರೇರು ಮಣಗಟ್ಟಲೆ ಬೆಲ್ಲಾ ತಿಂದ್ರು, ಅವರಿಗ್ಯಾಕ ಏನೂ ಆಗಲಿಲ್ಲ?"

"ಅವರು ಮುಂಜಾನಿಂದ ಸಂಜಿತನಕಾ ಹೊಲದಾಗ ಕುಂಟಿ ಹೊಡೀತಿದ್ರು ಮಾವಾರ. ನಿಮ್ಮ ಮೊಮ್ಮಗ ಬೆರಳು ಅಷ್ಟ ಹೊಡೀತಾನ, ಮೊಬೈಲ್ ಮ್ಯಾಲ."

"ಚಡಚಣದಾಕಿಗೆ ನಾಲಿಗಿ ಉದ್ದ ಆಗೇತಿ," ಎಂದಳು ಸುಂದರವ್ವ, ಸೊಸೆಯ ತವರೂರು ಎತ್ತಿ. "ನಿಮ್ಮ ಕಡೆ ಬರೇ ದ್ರಾಕ್ಷಿ ತಿಂದು ಒಣಗಿ ಕೂಡತೀರಿ. ನಮ್ಮ ಮನ್ಯಾಗ ಉಣ್ಣೂ ಪದ್ಧತಿ ಐತಿ."

ಹೀಗಾಗಿ ಡಾಕ್ಟರು ಯಾವುದನ್ನು ಶಿಕ್ಷೆ ಎಂದಿದ್ದರೋ ಅದೇ ನಡೆಯಿತು. ಹುಡುಗನ ತಾಟಿನಲ್ಲಿ ಸವತೆಕಾಯಿ, ಉಳಿದವರ ತಾಟಿನಲ್ಲಿ ಶೇಂಗಾ ಹೋಳಿಗೆ. ಗುರಪ್ಪ ಹೆಂಡತಿಯ ಮಾತಿಗೆ ಮರ್ಯಾದೆ ಕೊಟ್ಟು ಮಿರ್ಚಿ ಭಜಿಯನ್ನು ಒಳಗೆ ತರದೆ ಹೊರಗಿನ ಕಟ್ಟೆಯ ಮೇಲೆ ಕೂತು ತಿನ್ನತೊಡಗಿದ. ವಾಸನೆಗೆ ಬಾಗಿಲು ಹಾಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಸಾಲಿಯಲ್ಲಿ ಹುಡುಗರು ಸಿದ್ಧರಾಮನಿಗೆ 'ಪೆಂಟಿ' ಎಂದು ಹೆಸರಿಟ್ಟಿದ್ದರು. ಅಜ್ಜನೇ ಮೈಕಿನಲ್ಲಿ ಹೇಳಿಕೊಟ್ಟ ಪಾಠ, ಮಕ್ಕಳು ಕಲಿತಿದ್ದವು ಅಷ್ಟೇ. ಒಂದು ಮಧ್ಯಾಹ್ನ ದೇವರ ಕೋಣೆಯಲ್ಲಿ ಮಗ ಕದ್ದು ಬೆಲ್ಲ ಮುರಿದು ತಿನ್ನುವುದನ್ನು ಸುರೇಖಾ ನೋಡಿದಳು. ಕೈಯೆತ್ತಿ ಕಪಾಳಕ್ಕೆ ಹೊಡೆದಳು. ಹುಡುಗ ಅಳಲಿಲ್ಲ. ಬಾಯೊಳಗಿನ ಬೆಲ್ಲ ಉಗುಳಬೇಕೋ ನುಂಗಬೇಕೋ ತಿಳಿಯದೆ ಹಾಗೇ ಅವಳ ಮುಖ ನೋಡುತ್ತ ನಿಂತ.

ಅಂದು ಸುರೇಖಾ ಲೆಕ್ಕ ಹಾಕಿದಳು. ಈ ಮನೆ ಡಾಕ್ಟರ ಮಾತು ಕೇಳುವುದಿಲ್ಲ, ಸೊಸೆಯ ಮಾತಂತೂ ಗೋಡೆಗೆ. ಇದಕ್ಕೆ ಕಿವಿ ಇರುವುದು ಒಂದೇ ಕಡೆ.

ಸೋಮವಾರ ಮಠದಲ್ಲಿ ಜನ ಸೇರಿದ್ದಾಗ ಅವಳು ತಲೆ ತುಂಬ ಸೆರಗು ಹೊದ್ದು ಮುಂದೆ ಹೋಗಿ ಸ್ವಾಮಿಗಳ ಪಾದ ಮುಟ್ಟಿದಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಂದೊಂದು ಹರಕಿ ಐತ್ರಿ ಬುದ್ಧ್ಯಾರ. ಮುಂದಿನ ವರ್ಷಕ್ಕ ನನ್ನ ಮಗ ಅರವತ್ತೆಂಟರಿಂದ ಎಷ್ಟು ಕಿಲೋ ಇಳೀತಾನೋ ಅಷ್ಟು ಚೀಲ ಜೋಳ ದಾಸೋಹಕ್ಕ. ಕಿಲೋಕ್ಕೊಂದು ಚೀಲ."

ಅಂಗಳದ ಜನ ಏರಿದ್ದಕ್ಕೆ ಹರಕೆ ಕೇಳಿದ್ದರು, ಇಳಿದದ್ದಕ್ಕೆ ಕೇಳಿರಲಿಲ್ಲ. ಸ್ವಾಮಿಗಳು ತಮ್ಮ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದರು. ಬೆಲ್ಲಕ್ಕೆ ಇರುವೆ ಮುತ್ತುತ್ತದೆ, ಜೋಳ ವರ್ಷ ಇರುತ್ತದೆ. "ಭಾಳ ಛಲೋ ಸಂಕಲ್ಪ ತಾಯಿ," ಎಂದರು.

ಮುಂದೆ ನಡೆದದ್ದು ಪವಾಡವೇ. ಡಾಕ್ಟರು ಹೇಳಿದಾಗ ಮೆಣಸಿನಕಾಯಿ ಸುಟ್ಟ ಸುಂದರವ್ವ ಹರಕೆ ಎಂದಾಕ್ಷಣ ಬಿಸ್ಕಿಟಿನ ಡಬ್ಬಿಗಳನ್ನು ಹಿತ್ತಲಿಗೆ ಒಯ್ದು ಎಮ್ಮೆಗೆ ಹಾಕಿದಳು. ಮನೆಮಂದಿಗೆಲ್ಲ ಒಂದೇ ಅಡುಗೆ: ಬಿಸಿ ರೊಟ್ಟಿ, ಪುಂಡಿಪಲ್ಲೆ, ಹೆಸರುಕಾಳು, ಮಜ್ಜಿಗೆ. ಸಿದ್ಧರಾಮ ಖಾಜಾಸಾಬನ ತಂಗಿಯ ಮಗ ಮುಕ್ತಾರನ ಜೊತೆ ನಡೆದು ಸಾಲಿಗೆ ಹೋಗತೊಡಗಿದ. ಸಂಜೆ ಇಬ್ಬರೂ ಚಿಣಿದಾಂಡು ಆಡುತ್ತಿದ್ದರು. ಮೊದಮೊದಲು ಮುಕ್ತಾರ ಹೊಡೆದ ಚಿಣಿ ತರಲಿಕ್ಕೆ ಹೋದವನು ತಿರುಗಿ ಬರುವ ಹೊತ್ತಿಗೆ ಮುಕ್ತಾರ ಮನೆಗೆ ಹೋಗಿ ನೀರು ಕುಡಿದು ಬಂದಿರುತ್ತಿದ್ದ. ನಾಲ್ಕು ತಿಂಗಳಿಗೆ ಹುಡುಗ ಚಿಣಿಯ ಹಿಂದೆ ಓಡತೊಡಗಿದ. ಗೊರಕೆ ಕಡಿಮೆಯಾಯಿತು. ಕೌಸರ ತೂಕ ನೋಡಿ, ಎತ್ತರ ನೋಡಿ, "ಹಿಂಗ ಇರಲಿ, ಇದಕ್ಕಿಂತ ಜೋರ ಬ್ಯಾಡ," ಎಂದು ಹುಡುಗನ ಬೆನ್ನು ತಟ್ಟಿದರು. ಸುರೇಖಾ ಬಸ್ಸಿನಲ್ಲಿ ಒಬ್ಬಳೇ ನಕ್ಕಳು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮುಳವಾಡದ ಬೀಗರಿಗೆ ಸುದ್ದಿ ಮುಟ್ಟಿತ್ತು. ಅವರೂ ತಮ್ಮ ಮೊಮ್ಮಗನ ಹೆಸರಲ್ಲಿ ಹತ್ತು ಚೀಲ ಸಾರಿದರು.

"ಹತ್ತಂತ ಹತ್ತು!" ಧೂಳಪ್ಪ ಹಲ್ಲು ಕಡಿದ. "ನಾವು ಇಪ್ಪತ್ತು ಕೊಡತೇವಿ. ಸಿದ್ಧರಾಮ, ನಲವತ್ತೆಂಟಕ್ಕ ಬರಬೇಕು ನೋಡು ಮಗನ. ಮನಿ ಮರ್ಯಾದಿ ನಿನ್ನ ಹೊಟ್ಟಿ ಮ್ಯಾಲ ಐತಿ."

ಪಡಸಾಲೆಗೆ ಡಿಜಿಟಲ್ ತೂಕದ ಮಿಶನ್ನು ಬಂತು. ನೆದರಿನ ಭಯ ಎಲ್ಲಿ ಹೋಯಿತೋ ಆ ಮಿಶನ್ನಿಗೇ ಗೊತ್ತು. ಹಾಸಿಗೆಯಿಂದ ಎದ್ದ ಹುಡುಗ ಮುಖ ತೊಳೆಯುವ ಮುಂಚೆ ಅದರ ಮೇಲೆ ನಿಲ್ಲಬೇಕು. ಧೂಳಪ್ಪ ಕನ್ನಡಕ ಹಾಕಿಕೊಂಡು ಅಂಕಿ ಓದಿ, ಫೋಟೋ ಹೊಡೆದು ಬಂಧುಬಳಗಕ್ಕೆಲ್ಲ ಕಳಿಸುತ್ತಿದ್ದ. ಇಳಿದಿದ್ದರೆ "ಭಲೆ ಹುಲಿ!" ಏರಿದ್ದರೆ ಊಟವಿಲ್ಲ. ಸಿಂದಗಿಯಲ್ಲಿ ಯಾರೋ ಟೈ ಕಟ್ಟಿಕೊಂಡವನು ಮಾರುವ ಡಬ್ಬಿಯ ಪುಡಿ ಬಂತು. ರೊಟ್ಟಿಯ ಬದಲು ಎರಡು ಹೊತ್ತು ಅದನ್ನೇ ನೀರಲ್ಲಿ ಕದಡಿ ಕುಡಿಯಬೇಕು. ಮುಂಜಾನೆ ಕಾಲುವೆಯ ದಾರಿಯಲ್ಲಿ ಬುಲೆಟ್ಟು ಮುಂದೆ, ಹುಡುಗ ಹಿಂದೆ. ಧೂಳಪ್ಪ ಗಾಡಿಯ ಮೇಲೆ ಕೂತು ಹೊಟ್ಟೆಯನ್ನು ಪೆಟ್ರೋಲ್ ಟಾಕಿಯ ಮೇಲೆ ಇಟ್ಟುಕೊಂಡು ಕೂಗುತ್ತಿದ್ದ: "ಓಡೋ! ಓಡು! ಮೈಗಳ್ಳ ಆಗಬ್ಯಾಡ!"

"ಮಾವಾರ, ಡಾಕ್ಟ್ರು ಹಿಂಗ ಹೇಳಿಲ್ರಿ," ಎಂದಳು ಸುರೇಖಾ.

"ಹರಕಿ ಯಾರು ಹೊತ್ತಾರು? ನೀನ ಹೊತ್ತೀದಿ. ಈಗ ನಡುವ ಕಾಲು ಹಾಕಬ್ಯಾಡ."

ಸುರೇಖಾ ಕದ್ದು ಮುಚ್ಚಿ ರೊಟ್ಟಿ ಕೊಡಲಿಕ್ಕೆ ಹೋದರೆ ಹುಡುಗನೇ ಕೈ ಹಿಂದೆ ಎಳೆದುಕೊಂಡ. ರೊಟ್ಟಿ ನೋಡಿದ, ಅವ್ವನನ್ನು ನೋಡಿದ. "ಅವ್ವಾ, ಇದನ್ನ ತಿಂದ್ರ ಎಷ್ಟ ಏರತೇನಿ?"

ಅವಳು ಒಲೆಯ ಮೇಲಿನ ಹಂಚು ಹೊತ್ತಿ ವಾಸನೆ ಬಂದರೂ ಹಾಗೇ ಕೂತಿದ್ದಳು. ಹಸಿವಾದಾಗ ತಿನ್ನು ಎಂದು ಹೇಳಿಕೊಡಬೇಕಾದ ಅವಶ್ಯಕತೆ ಕರುವಿಗೂ ಇಲ್ಲ, ಕುರಿಮರಿಗೂ ಇಲ್ಲ. ತನ್ನ ಮಗನಿಗೆ ಅದು ಮರೆತುಹೋಗಿತ್ತು. ಮರೆಸಿದ ಹರಕೆ ತನ್ನದೇ.

ತುಲಾಭಾರಕ್ಕೆ ಮೂರು ವಾರ ಇರುವಾಗ ಸಾಲಿಯ ಪ್ರಾರ್ಥನೆಯಲ್ಲಿ ಹುಡುಗ ನಿಂತಲ್ಲೇ ಬಿದ್ದ. ಹಣೆ ಒಡೆಯಿತು. ಮಾಸ್ತರರು ಅವನನ್ನು ಟಂಟಂ ಗಾಡಿಯಲ್ಲಿ ಹಾಕಿ, ದಾರಿಯಲ್ಲಿ ಸುರೇಖಾಳನ್ನು ಹತ್ತಿಸಿಕೊಂಡು ಬಾಗೇವಾಡಿಗೆ ಓಡಿದರು. ಕೌಸರ ಕೈಗೆ ಸಲಾಯಿನ್ ಹಚ್ಚಿದರು. ತಾಸಿನ ಮೇಲೆ ಹುಡುಗ ಕಣ್ಣು ಬಿಟ್ಟ. ಅಷ್ಟರಲ್ಲಿ ಬುಲೆಟ್ಟಿನ ಸದ್ದಾಯಿತು. ಧೂಳಪ್ಪ, ಹಿಂದೆ ಗುರಪ್ಪ, ಇಬ್ಬರೂ ಬೆವರುತ್ತ ಒಳಗೆ ಬಂದರು.

ಧೂಳಪ್ಪ ಮೊಮ್ಮಗನ ತಲೆ ಸವರಿದ. ಕಣ್ಣಲ್ಲಿ ನೀರು ನಿಜವಾಗಿಯೂ ಬಂದಿತ್ತು. ಆಮೇಲೆ ಮೇಲೆ ತೂಗುಬಿದ್ದ ಬಾಟಲಿ ನೋಡಿದ. ದನಿ ಇಳಿಸಿ ಕೇಳಿದ: "ಡಾಕ್ಟ್ರ, ಈ ಸಲಾಯಿನ್ ಹಾಕಿದ್ರ ತೂಕ ಏರತೈತೇನ್ರಿ?"

ಕೌಸರ ಅವನ ಕಡೆ ತಿರುಗಿದರು. "ಅಜ್ಜಾರ, ಮದಲ ಈ ಹುಡುಗನ್ನ ಉಬ್ಬಿಸಿ ಕೊಲ್ಲಾಕ ಹೊಂಟಿದ್ರಿ. ಈಗ ಒಣಗಿಸಿ ಕೊಲ್ಲಾಕ ಹೊಂಟೀರಿ. ಯಾವುದರಾಗರ ಅವಗ ಬದುಕಾಕ ಜಾಗಾ ಐತೇನು?"

"ನಾವು ಪ್ರೀತಿಲೇ ಮಾಡೇವ್ರಿ…"

"ಪ್ರೀತಿ ಇದ್ರ ಆ ಪುಡಿ ಡಬ್ಬಿ ನೀವು ಕುಡೀರಿ. ನಿಮಗ ನೂರರ ಮ್ಯಾಲ ಐತಿ ಅಂತ ಕಣ್ಣಿಗೇ ಕಾಣತೈತಿ."

ಸುರೇಖಾ ಎದ್ದು ನಿಂತಳು. ಹತ್ತೊಂಬತ್ತು ವರ್ಷದಲ್ಲಿ ಮಾವನ ಮುಂದೆ ಸೆರಗು ಸರಿಪಡಿಸಿಕೊಳ್ಳದೆ ನಿಂತದ್ದು ಅದೇ ಮೊದಲು.

"ಮಾವಾರ, ಇನ್ನ ನನ್ನ ಮಗ ತಕ್ಕಡಿ ಏರಂಗಿಲ್ಲ. ಮಠದ್ದೂ ಇಲ್ಲ, ಮನೀದೂ ಇಲ್ಲ."

"ಹುಚ್ಚಿ, ಪತ್ರಿಕಿ ಹಂಚೇನಿ. ಫ್ಲೆಕ್ಸ್ ಅಚ್ಚಾಗೇತಿ!"

"ಫ್ಲೆಕ್ಸಿಗೆ ಮಕ್ಕಳಿಲ್ರಿ. ನನಗ ಒಬ್ಬಾಂವ ಅದಾನ."

ಗುರಪ್ಪ ಯಾವತ್ತೂ ಮಾತಾಡಿದವನಲ್ಲ. ಆದರೆ ಮರುದಿನ ಅಂಗಡಿಗೆ ಹೋಗುವಾಗ ಪಡಸಾಲೆಯ ತೂಕದ ಮಿಶನ್ನು ಕಂಕುಳಲ್ಲಿ ಹಿಡಿದುಕೊಂಡು ಹೋದ. ಪುಡಿಯ ಡಬ್ಬಿಯನ್ನು ದಾರಿಯ ಕಾಲುವೆಗೆ ಎಸೆದ. ಅದೂ ಅವನ ಮಟ್ಟಿಗೆ ದೊಡ್ಡ ಭಾಷಣವೇ.

ಧೂಳಪ್ಪ ಮಾತ್ರ ನಂಬಿಕೊಂಡಿದ್ದ: ಜನ ಸೇರಿದ ಮೇಲೆ ಸೊಸೆ ಏನು ಮಾಡಿಯಾಳು? ತುಲಾಭಾರದ ದಿನ ಮಠದ ಅಂಗಳದಲ್ಲಿ ಇಪ್ಪತ್ತು ಚೀಲ ಜೋಳ ಗೋಪುರದಂತೆ ಒಟ್ಟಿತ್ತು. ಅದರ ಮೇಲೆ ಫ್ಲೆಕ್ಸು: ಸಿದ್ಧರಾಮನ ಹೋದ ವರ್ಷದ ಗುಂಡು ಮುಖ, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಧೂಳಪ್ಪನ ಮುಖ. ಮುಳವಾಡದ ಬೀಗರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು.

ಸುರೇಖಾ ಒಬ್ಬಳೇ ಬಂದಳು.

"ಹುಡುಗ ಎಲ್ಲಿ?" ಧೂಳಪ್ಪ ಹಲ್ಲುಗಳ ನಡುವೆ ಕೇಳಿದ. ಮೈಕು ಅವನ ಕೈಯಲ್ಲೇ ಇದ್ದುದರಿಂದ ಊರಿಗೆಲ್ಲ ಕೇಳಿತು.

"ಆಡಾಕ ಹೋಗ್ಯಾನ್ರಿ."

"ಆಡಾಕ? ಹೋಗಿ ಕರಕೊಂಡು ಬಾ!"

ಸುರೇಖಾ ಮಾವನ ಕೈಯಿಂದ ಮೈಕು ತೆಗೆದುಕೊಂಡಳು. ಅದು ಹೇಗೆ ಬಂತು ಎಂದು ಆಮೇಲೆ ಊರವರು ವಾದಿಸಿದರು. ಆಘಾತಕ್ಕೆ ಬೆರಳು ಸಡಿಲಾಗಿರಬೇಕು.

"ಬುದ್ಧ್ಯಾರ, ಹರಕಿ ಹೊತ್ತಾಕಿ ನಾನು. ಈ ಇಪ್ಪತ್ತೂ ಚೀಲ ದಾಸೋಹಕ್ಕ ಮುಟ್ಟಿದ್ವು ಅಂತ ತಿಳೀರಿ. ಹುಡುಗನ್ನ ತೂಗಂಗಿಲ್ಲ. ತಪ್ಪಾದ್ರ ನನ್ನ ತಲಿ ಮ್ಯಾಲ ಬರಲಿ."

ಸುಂದರವ್ವ ಬಾಯಿಗೆ ಸೆರಗು ಹಚ್ಚಿದಳು. "ತೂಗದ ಹರಕಿ ಹೆಂಗ ಮುಟ್ಟತೈತಿ ಸುರೇಖಾ? ದೇವ್ರಿಗೆ ಲೆಕ್ಕ ಬ್ಯಾಡೇನು?"

"ದೇವರೇನು ಕಿರಾಣಿ ಅಂಗಡಿ ಇಟ್ಟಾನೇನ್ರಿ ಅತ್ತಿ, ತಕ್ಕಡಿ ಹಿಡದು ಕೂಡಾಕ? ಗಾಜಿನ ಪೆಟ್ಟಿಗ್ಯಾಗ ಮಲಗಿದ್ದಾಗ ನೀವು ಬೇಡಿದ್ದೇನು, ನೆನಪ ಮಾಡ್ಕೋರಿ. ಉಳೀಲಿ ಅಂತ ಬೇಡಿದ್ರಿ. ಇಷ್ಟು ಕಿಲೋ ಉಳೀಲಿ ಅಂದಿದ್ರೇನು?"

ಸುಂದರವ್ವ ಕೆಳಗೆ ಕೂತಳು. ಕೂತಲ್ಲೇ ಎರಡೂ ಕೈ ಜೋಡಿಸಿದಳು, ದೇವರಿಗೋ ಸೊಸೆಗೋ ಯಾರಿಗೂ ಸ್ಪಷ್ಟವಾಗಲಿಲ್ಲ.

ಸ್ವಾಮಿಗಳು ಚೀಲಗಳ ಕಡೆ ಒಮ್ಮೆ ನೋಡಿ, "ಭಕ್ತಿ ಮುಖ್ಯ, ತೂಕ ಅಲ್ಲ," ಎಂದು ಅಪ್ಪಣೆ ಕೊಡಿಸಿದರು. ಜೋಳ ಬಂದ ಮೇಲೆ ಹೊಳೆಯುವ ತತ್ವ ಅದು.

ಆದರೂ ಬಂದ ಜನಕ್ಕೆ ನೋಡಲು ಏನಾದರೂ ಬೇಕಲ್ಲ. ಮುಳವಾಡದ ಬೀಗ ಎದ್ದು ನಿಂತ. "ಅಲ್ರೀ ಧೂಳಪ್ಪನವರ, ಕಟ್ಟಿದ ತಕ್ಕಡಿ ಖಾಲಿ ಇಳಸೂದು ಛಲೋ ಅಲ್ಲ. ಮೊಮ್ಮಗ ಬರಲಿಲ್ಲಂದ್ರ ಏನಾತು, ಅಜ್ಜಾ ಅದಾನಲ್ಲ."

"ಹೌದ್ರಿ ಸಾವುಕಾರ್ರ, ನೀವ ಕೂಡ್ರಿ!" ಯಾರೋ ಹಿಂದಿನಿಂದ ಕೂಗಿದರು. ಆಮೇಲೆ ಎಲ್ಲರೂ ಕೂಗಿದರು.

ಬೀಗರ ಮುಂದೆ ಹಿಂದೆ ಸರಿಯುವ ಮನುಷ್ಯನಲ್ಲ ಧೂಳಪ್ಪ. ರುಮಾಲು ಸರಿಪಡಿಸಿಕೊಂಡು ಹೋಗಿ ತಟ್ಟೆಯಲ್ಲಿ ಕೂತ. ಸರಪಳಿ ಕಿರ್ರೆಂದಿತು. ಖಾಜಾಸಾಬ ಎದುರಿಗೆ ಒಂದು ಚೀಲ ಏರಿಸಿದ. ಏನೂ ಆಗಲಿಲ್ಲ. ತಂದಿದ್ದ ತೂಕದ ಕಲ್ಲುಗಳನ್ನೆಲ್ಲ ಅದರ ಮೇಲಿಟ್ಟ. ಧೂಳಪ್ಪ ನೆಲಕ್ಕೆ ಅಂಟಿಕೊಂಡೇ ಕೂತಿದ್ದ.

"ಖಾಜಾಸಾಬ, ಇನ್ನೊಂದು ಚೀಲ ಏರಸೋ," ಎಂದ, ಮೈಕಿಲ್ಲದ ಸಣ್ಣ ದನಿಯಲ್ಲಿ.

"ಎರಡನೇದು ಹಾಕಿದ್ರ ಸರಪಳಿ ಹರೀತಾವ್ರಿ ಸಾವುಕಾರ್ರ. ಇದು ಹುಡುಗರ ಸಲುವಾಗಿ ಮಾಡಿದ ತಕ್ಕಡಿ."

ಧೂಳಪ್ಪ ಏಳಲಿಕ್ಕೆ ಹೋದ. ತಟ್ಟೆಯ ಅಂಚು ತೊಡೆಗೆ ಕಚ್ಚಿಕೊಂಡಿತ್ತು. ಒಂದು ಸಲ ಹೆಣಗಿದ, ಎರಡು ಸಲ ಹೆಣಗಿದ, ಮೂಗಿನಿಂದ ಸುಂಯ್ ಎಂದು ಉಸಿರು ಬಂತು. ಅಂಗಳದಲ್ಲಿ ಚಪ್ಪಾಳೆ ಬೀಳಲಿಲ್ಲ. ನಗು ಬಿತ್ತು. ಹಿಂದಿನ ಸಾಲಿನ ಹುಡುಗರ ಗುಂಪಿನಿಂದ ಯಾರೋ "ಪೆಂಟೀ!" ಎಂದು ಕೂಗಿದರು. ಧೂಳಪ್ಪನ ಮುಖ ಕೆಂಪಾಗಿ, ಆಮೇಲೆ ಕಪ್ಪಾಗಿ, ಕೊನೆಗೆ ಬೇರೆಯೇ ಏನೋ ಆಯಿತು. ಮೊಮ್ಮಗ ಹನ್ನೊಂದು ವರ್ಷ ಕೂತ ಜಾಗದಲ್ಲಿ ಅವನು ಮೊದಲ ಸಲ ಕೂತಿದ್ದ.

ಸುರೇಖಾ ಅದನ್ನು ಪೂರ್ತಿ ನೋಡಲಿಲ್ಲ. ನೋಡಿ ನಗಬೇಕೆಂಬ ಆಸೆ ಇತ್ತು, ನಗು ಬರಲಿಲ್ಲ. ಮೈಕನ್ನು ಚೀಲದ ಮೇಲಿಟ್ಟು ಹೊರಗೆ ನಡೆದಳು.

ಸಾಲಿಯ ಬಯಲಿನ ಅಂಚಿನಲ್ಲಿ, ಬೇಲಿಯ ನೆರಳಿನಲ್ಲಿ ಇಬ್ಬರು ಕೂತಿದ್ದರು. ಮುಕ್ತಾರನ ಅವ್ವ ರಹಿಮಾಬಿ ಕಟ್ಟಿ ಕಳಿಸಿದ ಬುತ್ತಿ ಬಿಚ್ಚಿತ್ತು. ರೊಟ್ಟಿ, ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಮುಕ್ತಾರ ಅರ್ಧ ಮುರಿದು ಸಿದ್ಧರಾಮನ ಕಡೆ ಸರಿಸಿದ.

ಸುರೇಖಾ ಬೇಲಿಯ ಈಚೆ ನಿಂತಳು.

ಸಿದ್ಧರಾಮ ರೊಟ್ಟಿಯನ್ನು ಕೈಯಲ್ಲಿ ಹಿಡಿದ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದ, ಕೈಯಲ್ಲೇ ಅದರ ಭಾರ ನೋಡುತ್ತಿರುವವನ ಹಾಗೆ.

"ಏ, ತಿನ್ನೋ ಲಗೂನ," ಎಂದ ಮುಕ್ತಾರ, ಬಾಯಿ ತುಂಬ ಇಟ್ಟುಕೊಂಡು. "ಆಟದಾಗ ನನ್ನ ಡಾವು ಇನ್ನೂ ಐತಿ. ಹೊಟ್ಟಿ ಹಸದ್ರ ನೀ ಚಿಣಿ ತಪ್ಪಸ್ತಿ, ಆಮ್ಯಾಲ ನಾ ಸುಳ್ಳ ಗೆದ್ದೆ ಅಂತ ಅನ್ನಬ್ಯಾಡ."

ಸಿದ್ಧರಾಮ ಚಟ್ನಿಯಲ್ಲಿ ಅದ್ದಿ ಬಾಯಿಗಿಟ್ಟ. ಖಾರಕ್ಕೆ ಸ್ಸ್ ಎಂದ. ಉಳ್ಳಾಗಡ್ಡಿ ಕಚ್ಚಿದ. ಉಳಿದರ್ಧ ರೊಟ್ಟಿಯನ್ನು ಕೇಳದೆಯೇ ಎಳೆದುಕೊಂಡ.

"ಏ! ಅದು ನಂದೋ!"

"ನಿಮ್ಮವ್ವಗ ಹೇಳು, ನಾಳಿ ಇನ್ನೊಂದು ಹೆಚ್ಚ ಕಟ್ಟಂತ."